ಕೆರೆಗೆ ಬಂದ ನೀರಿನ ಲೆಕ್ಕಪತ್ರ
ನೀರು ಹಾಗೂ ಆರೋಗ್ಯ ಕುರಿತ ಸಂಶೋಧನೆಗಳನ್ನು ಉದ್ಯಮಿಗಳು ಓದಬೇಕಾದ ಬಗೆ

ಉದ್ಯಮಕ್ಕೆ ಬಂಡವಾಳ, ಭೂಮಿ, ಶ್ರಮ ಇವು ಎಷ್ಟು ಅವಶ್ಯವೋ ನೀರೂ ಅಷ್ಟೇ ಅವಶ್ಯ. ಆದರೆ ನಮ್ಮ ಲೆಕ್ಕಪುಸ್ತಕಗಳಲ್ಲಿ ನೀರಿಗೆ ಪ್ರತ್ಯೇಕ ಖಾತೆ ಇರುವುದು ವಿರಳ. ಟ್ಯಾಂಕರ್ ನೀರಿನ ಬಿಲ್ಲುಗಳು ‘ಇತರೆ ವೆಚ್ಚ’ದಲ್ಲಿಯೂ, ಕೊಳವೆಬಾವಿಯ ಮೋಟಾರು ದುರಸ್ತಿಯು ‘ಯಂತ್ರೋಪಕರಣ ನಿರ್ವಹಣೆ’ಯಲ್ಲಿಯೂ, ಶುದ್ಧೀಕರಣ ಯಂತ್ರದ ಫಿಲ್ಟರುಗಳು ‘ಕಚೇರಿ ವೆಚ್ಚ’ದಲ್ಲಿಯೂ ಸೇರಿಹೋಗಿರುವುದನ್ನು ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಈ ಲೇಖಕನು ಅನೇಕ ಘಟಕಗಳಲ್ಲಿ ಕಂಡಿದ್ದಾನೆ. ಹೀಗಾಗಿ ನೀರಿಗಾಗಿ ಆದ ಒಟ್ಟು ವೆಚ್ಚ ಎಷ್ಟೆಂಬುದು ಮಾಲೀಕರಿಗೇ ತಿಳಿಯುವುದಿಲ್ಲ. ಆ ನೀರಿನಲ್ಲಿ ಏನಿದೆ ಎಂಬ ಪ್ರಶ್ನೆಯಂತೂ ಏಳುವುದೇ ಇಲ್ಲ.

ಈಚಿನ ವರ್ಷಗಳಲ್ಲಿ ವೈದ್ಯಕೀಯ, ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ವಿಜ್ಞಾನ ಕ್ಷೇತ್ರಗಳ ಸಂಶೋಧನೆಗಳು ಈ ಎರಡನೆಯ ಪ್ರಶ್ನೆಯನ್ನು ನಮ್ಮ ಭಾಗದ ಮಟ್ಟಿಗೆ ಬಹಳ ಮುಖ್ಯವಾಗಿಸಿವೆ. ದೇವನಹಳ್ಳಿಯ ಉದಾಹರಣೆಯನ್ನು ಮುಂದಿಟ್ಟುಕೊಂಡು, ಇಂತಹ ಸಂಶೋಧನೆಗಳನ್ನು ವ್ಯವಹಾರಸ್ಥರು ಹೇಗೆ ಓದಬೇಕು ಹಾಗೂ ಓದಿದ ಮೇಲೆ ಏನು ಮಾಡಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ದೇವನಹಳ್ಳಿ ತಾಲ್ಲೂಕಿನಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಹೊಳೆಗಳು ಮಳೆಗಾಲದ ಅತಿಥಿಗಳು. ಹಿಂದಿನವರು ಕೆರೆಗಳ ಸರಪಳಿಯನ್ನು ಕಟ್ಟಿ ಮಳೆನೀರನ್ನು ಹಿಡಿದಿಟ್ಟರು. ತೆರೆದ ಬಾವಿಗಳು ಆ ಕೆರೆಗಳ ಆಶ್ರಯದಲ್ಲಿ ಬದುಕಿದವು. ಕೊಳವೆಬಾವಿಗಳು ಬಂದ ನಂತರ ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿ ಬೆಳೆಗಳು ವಿಸ್ತರಿಸಿದವು. 2008ರ ಮೇ ತಿಂಗಳಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ತರುವಾಯ ವಸತಿ ಬಡಾವಣೆ, ಹೋಟೆಲು, ಗೋದಾಮು, ಕೈಗಾರಿಕೆಗಳೂ ಅದೇ ಅಂತರ್ಜಲದ ಪಾಲುದಾರರಾದವು.

ವರ್ಷದಲ್ಲಿ ಭೂಮಿಗೆ ಇಂಗಿ ಬಳಕೆಗೆ ದೊರೆಯುವ ನೀರಿಗಿಂತ ಹೆಚ್ಚು ನೀರನ್ನು ಮೇಲೆತ್ತುವ ತಾಲ್ಲೂಕನ್ನು ಕೇಂದ್ರೀಯ ಅಂತರ್ಜಲ ಮಂಡಳಿಯು ‘ಅತಿಬಳಕೆ’ಯ ವರ್ಗಕ್ಕೆ ಸೇರಿಸುತ್ತದೆ. ದೇವನಹಳ್ಳಿಯು ಈ ವರ್ಗದಲ್ಲಿ ಕಾಣಿಸಿಕೊಂಡಿರುವ ತಾಲ್ಲೂಕು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಆದಾಯಕ್ಕಿಂತ ವೆಚ್ಚ ಹೆಚ್ಚಾಗಿ ಮೂಲ ಬಂಡವಾಳವನ್ನೇ ಕರಗಿಸುತ್ತಿರುವ ಸಂಸ್ಥೆ ಇದು.

ಈ ಕೊರತೆಯನ್ನು ತುಂಬುವ ಸಲುವಾಗಿ ರೂಪುಗೊಂಡದ್ದು ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ಬೆಂಗಳೂರು ನಗರದ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರ್ ಪ್ರಮಾಣದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಭಾಗದ 65 ಕೆರೆಗಳಿಗೆ ಹರಿಸುವುದು ಇದರ ಗುರಿ. ಇದಕ್ಕಿಂತ ಮೊದಲು, 2018ರಲ್ಲಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಕೋಲಾರದ ಕೆರೆಗಳತ್ತ ಹರಿಯತೊಡಗಿತು. ಅದೇ ವರ್ಷದ ಜುಲೈನಲ್ಲಿ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದನ್ನು ಓದುಗರು ಬಲ್ಲರು. ಅಂದಿನಿಂದ ಈ ನೀರಿನ ಕುರಿತು ಎರಡು ಮಾತುಗಳು ಕೇಳಿಬರುತ್ತಿವೆ. “ಬತ್ತಿದ ಬಾವಿಗೆ ಜೀವ ಬಂತು” ಎಂಬುದು ಒಂದು. “ನಮ್ಮ ಮಕ್ಕಳಿಗೆ ಕೊಳಚೆ ಕುಡಿಸುತ್ತಿದ್ದಾರೆ” ಎಂಬುದು ಮತ್ತೊಂದು. ಸಂಶೋಧನೆಗಳನ್ನು ಸರಿಯಾಗಿ ಓದಿದರೆ ಈ ಎರಡೂ ಮಾತುಗಳು ಬೇರೆ ಬೇರೆ ಖಾತೆಗಳಿಗೆ ಸೇರಿದವೆಂಬುದು ಸ್ಪಷ್ಟವಾಗುತ್ತದೆ.

ಸಂಶೋಧನೆಗಳು ಅಳೆದಿರುವುದೇನು?

1. ನೀರಿನ ಮಟ್ಟ: ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೋಲಾರ ಭಾಗದಲ್ಲಿ, ಸಂಸ್ಕರಿತ ನೀರು ತುಂಬಿದ ಕೆರೆಗಳ ಸುತ್ತಲಿನ ಬಾವಿಗಳನ್ನು ಅಧ್ಯಯನ ಮಾಡಿ, ಅಂತರ್ಜಲ ಮಟ್ಟ ಏರಿರುವುದನ್ನು ದಾಖಲಿಸಿದ್ದಾರೆ. ಇದು ಪ್ರಮಾಣದ ಖಾತೆ. ಇದರಲ್ಲಿ ಜಮೆ ಇರುವುದು ನಿಜ.

2. ಬಂಡೆಯಿಂದ ಬರುವ ಅಂಶಗಳು: ನಮ್ಮ ಭಾಗದ ಅಂತರ್ಜಲವು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಸಂಗ್ರಹವಾಗುತ್ತದೆ. ಫ್ಲೋರೈಡ್, ಯುರೇನಿಯಂ ಮುಂತಾದವು ಬಂಡೆಯಿಂದಲೇ ಕರಗಿ ನೀರಿಗೆ ಸೇರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳನ್ನೊಳಗೊಂಡ ತಂಡವೊಂದು ಪೂರ್ವ ಕರ್ನಾಟಕದ 73 ಗ್ರಾಮಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, 57 ಗ್ರಾಮಗಳಲ್ಲಿ ಯುರೇನಿಯಂ ಪ್ರಮಾಣ ಲೀಟರಿಗೆ 30 ಮೈಕ್ರೋಗ್ರಾಂ ಮೀರಿತ್ತು. 48 ಗ್ರಾಮಗಳಲ್ಲಿ 60 ಮೈಕ್ರೋಗ್ರಾಂ ಮೀರಿತ್ತು. ಯುರೇನಿಯಂ ದೀರ್ಘಕಾಲ ದೇಹ ಸೇರಿದರೆ ಮುಖ್ಯವಾಗಿ ಮೂತ್ರಪಿಂಡಕ್ಕೆ ಹಾನಿ. ಫ್ಲೋರೈಡ್ ಮಿತಿಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ, ವರ್ಷಗಳ ನಂತರ ಮೂಳೆ ಹಾಗೂ ಕೀಲುಗಳ ಬಿಗಿತ ಕಾಣಿಸಿಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಈ ದೋಷಕ್ಕೂ ನಗರದ ಕೊಳಚೆಗೂ ಸಂಬಂಧವಿಲ್ಲ. ‘ನಮ್ಮ ಹಳೆಯ ಕೊಳವೆಬಾವಿಯ ನೀರು ಶುದ್ಧ’ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಪಡಬೇಕಾದುದೇ.

3. ಮನುಷ್ಯರಿಂದ ಬರುವ ಅಂಶಗಳು: ಕೊಳಚೆ ನೀರಿನ ಪ್ರಾಥಮಿಕ ಸಂಸ್ಕರಣೆಯಲ್ಲಿ ಕಸ, ಮಡ್ಡಿ ಬೇರ್ಪಡುತ್ತವೆ. ದ್ವಿತೀಯ ಹಂತದಲ್ಲಿ ಸೂಕ್ಷ್ಮಜೀವಿಗಳ ನೆರವಿನಿಂದ ಸಾವಯವ ಕಲ್ಮಶವನ್ನು ತಗ್ಗಿಸಲಾಗುತ್ತದೆ. ಸೂಕ್ಷ್ಮ ಸೋಸುವಿಕೆ, ಸಾರಜನಕ–ರಂಜಕಗಳ ನಿವಾರಣೆ, ಸೋಂಕು ನಿವಾರಣೆ ಮೊದಲಾದವು ತೃತೀಯ ಹಂತದ ಕೆಲಸ. ಕೆರೆಗಳಿಗೆ ಹರಿಸಲೆಂದು ಯೋಜಿಸಿದ್ದು ದ್ವಿತೀಯ ಹಂತದ ನೀರು. ಔಷಧಗಳ ಶೇಷ, ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ರೋಗಾಣುಗಳು ಇವುಗಳನ್ನು ತೆಗೆಯುವ ಉದ್ದೇಶದಿಂದ ದ್ವಿತೀಯ ಹಂತವನ್ನು ರೂಪಿಸಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳು ಸಂಭವಿಸಿದವೆಂದು 2022ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಆದ್ದರಿಂದ ಈ ಅಂಶವನ್ನು ಲಘುವಾಗಿ ಪರಿಗಣಿಸಲಾಗದು.

ಇದೇ ಕೊಳಚೆ ನೀರು ಆರೋಗ್ಯ ಇಲಾಖೆಗೆ ಮುನ್ಸೂಚನೆಯನ್ನೂ ಕೊಡಬಲ್ಲದು. 2022ರಲ್ಲಿ ಬೆಂಗಳೂರಿನ 28 ಸಂಸ್ಕರಣಾ ಘಟಕಗಳ ನೀರಿನಲ್ಲಿ ಕೊರೋನಾ ವೈರಾಣುವಿನ ಅಂಶವನ್ನು ಅಳೆದು, ನಗರದಲ್ಲಿ ಸೋಂಕಿನ ಏರಿಳಿತವನ್ನು ವಿಜ್ಞಾನಿಗಳು ಗುರುತಿಸಿದರು. ಒಂದು ಮಾದರಿಯಿಂದ ಇಡೀ ಬಡಾವಣೆಯ ಸ್ಥಿತಿ ತಿಳಿಯುವ ಮಿತವ್ಯಯದ ವಿಧಾನವಿದು.

ವರದಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳು

ಅಢಾವೆ ಪತ್ರಿಕೆಯನ್ನು ಓದಬಲ್ಲವರಿಗೆ ಸಂಶೋಧನಾ ವರದಿ ಕಷ್ಟವಲ್ಲ. ಈ ಕೆಳಕಂಡ ಐದು ಪ್ರಶ್ನೆಗಳನ್ನು ಕೇಳಿದರೆ ಸಾಕು.

(ಅ) ಯಾವ ಅಳತೆಗೋಲು? ಮೇಲ್ಕಂಡ ಯುರೇನಿಯಂ ವರದಿಯಲ್ಲಿ 57 ಮತ್ತು 48 ಎಂಬ ಎರಡು ಸಂಖ್ಯೆಗಳು ಒಂದೇ ಮಾದರಿಗಳಿಂದ ಬಂದವು. 30 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. 60 ಎಂಬುದು ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಗದಿಪಡಿಸಿದ ಮಿತಿ. ಅಳತೆಗೋಲು ಬದಲಾದರೆ ‘ಉತ್ತೀರ್ಣ’ರಾದವರ ಸಂಖ್ಯೆಯೂ ಬದಲಾಗುತ್ತದೆ.

(ಆ) ಸರಾಸರಿಯೋ, ಬಿಡಿ ಅಂಕಿಯೋ? ಒಂದು ಗ್ರಾಮದ ನಾಲ್ಕು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 0.5, 0.6, 0.7 ಮತ್ತು 2.6 ಮಿಲಿಗ್ರಾಂ ಇದೆಯೆಂದು ಭಾವಿಸೋಣ. ಸರಾಸರಿ 1.1, ಇದು 1.5ರ ಮಿತಿಯೊಳಗೇ ಇದೆ. ಆದರೆ ನಾಲ್ಕನೆಯ ಬಾವಿಯ ನೀರು ಕುಡಿಯುವ ಮಗು ಸರಾಸರಿಯನ್ನು ಕುಡಿಯುವುದಿಲ್ಲ.

(ಇ) ಯಾವ ದಿನದ ಮಾದರಿ? ಮಾರ್ಚ್ 31ರಂದು ಮಾತ್ರ ಬ್ಯಾಂಕಿನಲ್ಲಿ ಹಣ ತೋರಿಸುವ ಚಾತುರ್ಯ ನಮಗೆ ಹೊಸತಲ್ಲ. ಮಳೆಗಾಲದ ನಂತರ ತೆಗೆದ ಒಂದು ಮಾದರಿಯಿಂದ ಬೇಸಿಗೆಯ ಸ್ಥಿತಿ ತಿಳಿಯದು. ಕನಿಷ್ಠ ಎರಡು ಋತುಗಳ ಮಾದರಿ ಬೇಕು.

(ಈ) ಶೇಕಡಾವಾರು ಯಾವುದರ ಮೇಲೆ? ಹತ್ತು ಸಾವಿರ ಜನರಲ್ಲಿ ಇಬ್ಬರಿಗೆ ಬರುತ್ತಿದ್ದ ರೋಗ ಮೂವರಿಗೆ ಬಂದರೆ ‘ಶೇ. 50 ಏರಿಕೆ’ ಎಂದು ಬರೆಯಬಹುದು. ‘ಹತ್ತು ಸಾವಿರಕ್ಕೆ ಒಬ್ಬರು ಹೆಚ್ಚು’ ಎಂದೂ ಬರೆಯಬಹುದು. ಎರಡೂ ಸತ್ಯ. ಎರಡನ್ನೂ ಕೇಳಿ ತಿಳಿಯಬೇಕು.

(ಉ) ಕೇಳಿದ ಪ್ರಶ್ನೆಗೇ ಉತ್ತರ ಬಂದಿದೆಯೇ? ಇದು ಎಲ್ಲಕ್ಕಿಂತ ಮುಖ್ಯ. ಬಾವಿಯ ಮಟ್ಟವನ್ನು ಅಳೆದ ಅಧ್ಯಯನ ಬಾವಿಯ ಮಟ್ಟದ ಬಗ್ಗೆ ಮಾತ್ರ ಹೇಳಬಲ್ಲದು. ಹತ್ತು, ಇಪ್ಪತ್ತು ವರ್ಷ ಆ ನೀರನ್ನು ಬಳಸಿದವರ ಆರೋಗ್ಯದ ಬಗ್ಗೆ ತಿಳಿಯಬೇಕಾದರೆ ಅದೇ ಜನರನ್ನು ಅಷ್ಟು ವರ್ಷ ಅನುಸರಿಸಿ, ಆ ನೀರು ಬಳಸದ ಜನರೊಡನೆ ಹೋಲಿಸಿ ನೋಡುವ ಅಧ್ಯಯನವೇ ಬೇಕು. ಮಾರಾಟ ಹೆಚ್ಚಿದೆ ಎಂಬ ಮಾತ್ರಕ್ಕೆ ಲಾಭ ಬಂದಿದೆ ಎಂದು ಯಾವ ಲೆಕ್ಕಪರಿಶೋಧಕನೂ ಸಹಿ ಹಾಕುವುದಿಲ್ಲ.

ಸಿಹಿನೀರು ಕೆರೆಯ ಪಾಠ

ಈ ದೃಷ್ಟಿಯಿಂದ ದೇವನಹಳ್ಳಿ ಪಟ್ಟಣದ ಸಿಹಿನೀರು ಕೆರೆಯಲ್ಲಿ ನಡೆದಿರುವ ಪ್ರಯತ್ನ ಅಧ್ಯಯನಯೋಗ್ಯ. ಬತ್ತಿದ್ದ ಈ ಕೆರೆಗೆ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ಬಂದ ನಂತರ, ಪಕ್ಕದಲ್ಲಿ ಪಾಳುಬಿದ್ದಿದ್ದ ಹಳೆಯ ತೆರೆದ ಬಾವಿಯನ್ನು ಬಯೋಮ್ ಎನ್ವಿರಾನ್‌ಮೆಂಟಲ್ ಟ್ರಸ್ಟ್ ಮೊದಲಾದವರ ಸಹಭಾಗಿತ್ವದಲ್ಲಿ ಪುನಶ್ಚೇತನಗೊಳಿಸಲಾಯಿತು. ಕೆರೆಯ ನೀರನ್ನು ನೇರವಾಗಿ ಎತ್ತದೆ, ಮಣ್ಣಿನ ಪದರಗಳ ಮೂಲಕ ಸೋಸಿ ಬಂದ ನೀರನ್ನು ಬಾವಿಯಿಂದ ತೆಗೆದು, ಶುದ್ಧೀಕರಣ ಘಟಕದಲ್ಲಿ ಮತ್ತೊಮ್ಮೆ ಸಂಸ್ಕರಿಸಿ ಪಟ್ಟಣದ ಪೂರೈಕೆಗೆ ಒದಗಿಸುವುದು ಇಲ್ಲಿನ ಕ್ರಮ.

ಇದರಲ್ಲಿ ಕಲಿಯಬೇಕಾದದ್ದು ತಡೆಗಳ ಸರಣಿ. ನಗದು ವ್ಯವಹಾರದಲ್ಲಿ ರಸೀದಿ ಬರೆಯುವವನು ಒಬ್ಬ, ಹಣ ಎಣಿಸುವವನು ಮತ್ತೊಬ್ಬ, ತಾಳೆ ನೋಡುವವನು ಮೂರನೆಯವನು ಇರುವಂತೆ, ಇಲ್ಲಿ ಸಂಸ್ಕರಣಾ ಘಟಕ, ಕೆರೆ, ಮಣ್ಣು, ಬಾವಿ, ಶುದ್ಧೀಕರಣ, ಪ್ರಯೋಗಾಲಯ ಇವು ಒಂದರ ಹಿಂದೆ ಒಂದು ಕಾವಲು ನಿಲ್ಲುತ್ತವೆ. ಒಂದು ತಪ್ಪಿದರೆ ಇನ್ನೊಂದು ಹಿಡಿಯಬೇಕು. ಆದರೆ ಕೆರೆಯ ಬದಿಯ ಎಲ್ಲ ಖಾಸಗಿ ಬಾವಿಗಳಿಗೂ ಈ ಸರಣಿ ಇರುವುದಿಲ್ಲ. ನೀರು ಏರಿತೆಂದು ಸಂತೋಷಪಟ್ಟು ಅದನ್ನು ನೇರವಾಗಿ ಕ್ಯಾಂಟೀನಿನ ಲೋಟಕ್ಕೆ ತುಂಬಿಸುವುದು, ತಾಳೆ ನೋಡದ ನಗದು ಪುಸ್ತಕವನ್ನು ನಂಬಿದಂತೆ.

ಘಟಕಗಳಲ್ಲಿ ಅನುಸರಿಸಬೇಕಾದ ಕ್ರಮ

1. ನೀರಿನ ಖಾತೆ ತೆರೆಯಿರಿ. ಪ್ರತಿ ಮೂಲಕ್ಕೂ ಮೀಟರು ಅಳವಡಿಸಿ, ಕೊಳವೆಬಾವಿ, ಟ್ಯಾಂಕರ್, ಕ್ಯಾನ್ ನೀರು, ವಿದ್ಯುತ್, ದುರಸ್ತಿ, ಪರೀಕ್ಷಾ ಶುಲ್ಕ ಎಲ್ಲವನ್ನೂ ಒಂದೇ ಶೀರ್ಷಿಕೆಯಡಿ ತನ್ನಿ. ಆಗ ಮಾತ್ರ ಸಾವಿರ ಲೀಟರಿನ ನಿಜ ಬೆಲೆ ತಿಳಿಯುತ್ತದೆ.

2. ಬಳಕೆಯನ್ನು ವಿಂಗಡಿಸಿ. 50 ಕಾರ್ಮಿಕರ ಘಟಕದಲ್ಲಿ ತಲಾ 45 ಲೀಟರಿನಂತೆ ದಿನಕ್ಕೆ 2,250 ಲೀಟರ್ ನೀರು ಬೇಕೆಂದು ಇಟ್ಟುಕೊಂಡರೆ, ಕುಡಿಯಲು ತಲಾ 5 ಲೀಟರಿನಂತೆ ಬೇಕಾಗುವುದು 250 ಲೀಟರ್, ಅಂದರೆ ಒಂಬತ್ತನೆಯ ಒಂದು ಪಾಲು. ಅತ್ಯಂತ ಶುದ್ಧ ನೀರಿನ ವೆಚ್ಚ ಇಷ್ಟಕ್ಕೆ ಸಾಕು. ಶೌಚಾಲಯ, ತೋಟಗಳಿಗೆ ಸಂಸ್ಕರಿತ ನೀರು ಸಾಲುತ್ತದೆ.

3. ವರ್ಷಕ್ಕೆ ಎರಡು ಬಾರಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದ ನಂತರ ಒಮ್ಮೆ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕದಂತೆ (2012) ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರ್ ಮಾದರಿಯಲ್ಲಿ ಇ-ಕೋಲೈ ಕಾಣಿಸಲೇಬಾರದು. ಯುರೇನಿಯಂ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಿ.

4. ಕುದಿಸಿದರೆ ರೋಗಾಣು ಸಾಯುತ್ತದೆ. ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಹೋಗುವುದಿಲ್ಲ. ಆರ್.ಓ. ಯಂತ್ರ ಇವನ್ನು ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ತೆಗೆದದ್ದೆಲ್ಲ ಹೊರಬಿಡುವ ನೀರಿನಲ್ಲಿ ಸಾಂದ್ರವಾಗಿ ಉಳಿಯುತ್ತದೆ. ಆ ನೀರನ್ನು ಯಾವ ಕಾರಣಕ್ಕೂ ಇಂಗುಗುಂಡಿಗೆ ಅಥವಾ ಬತ್ತಿದ ಕೊಳವೆಬಾವಿಗೆ ಬಿಡಬಾರದು.

5. ಪರೀಕ್ಷಾ ವರದಿಯನ್ನು ಕಡತದಲ್ಲಿಟ್ಟು ಮರೆಯದೆ, ಕಾರ್ಮಿಕರು ಓದುವಂತೆ ಕನ್ನಡದಲ್ಲಿ ಸೂಚನಾ ಫಲಕದಲ್ಲಿ ಹಾಕಿ.

ಕಂಪನಿಗಳ ಕಾಯ್ದೆ 2013ರ ಕಲಂ 135ರ ವ್ಯಾಪ್ತಿಗೆ ಬರುವ ಸಂಸ್ಥೆಗಳು ತಮ್ಮ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ಸುರಕ್ಷಿತ ಕುಡಿಯುವ ನೀರಿಗಾಗಿ ವಿನಿಯೋಗಿಸಲು ಅವಕಾಶವಿದೆ. ಶುದ್ಧ ನೀರಿನ ಘಟಕ ಕಟ್ಟಿ ಫಲಕ ಹಾಕುವುದರ ಜೊತೆಗೆ, ಐದು ವರ್ಷಗಳ ಪರೀಕ್ಷೆ ಹಾಗೂ ನಿರ್ವಹಣೆಗೂ ಹಣ ಮೀಸಲಿಡುವುದು ಉಚಿತ. ಇನ್ನು, 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳು ತಾವು ಪಡೆದ ನೀರಿನ ಪ್ರಮಾಣವನ್ನು ಮೂಲವಾರು ಪ್ರಕಟಿಸುವ ಕ್ರಮವನ್ನು ಸೆಬಿ ತಂದಿದೆ. ಅಂತಹ ಕಂಪನಿಗಳಿಗೆ ಸರಕು ಪೂರೈಸುವ ನಮ್ಮ ಸಣ್ಣ ಘಟಕಗಳೂ ಈ ಲೆಕ್ಕವನ್ನು ಇಂದೇ ಸಿದ್ಧಪಡಿಸಿಕೊಂಡರೆ ನಾಳೆ ಪರದಾಡಬೇಕಿಲ್ಲ.

ಉಪಸಂಹಾರ

ಲೆಕ್ಕಪರಿಶೋಧಕನು ಲೆಕ್ಕಪತ್ರಗಳನ್ನು ಪೂರ್ಣವಾಗಿ ಒಪ್ಪಬಹುದು, ತಿರಸ್ಕರಿಸಬಹುದು ಅಥವಾ ಷರತ್ತುಬದ್ಧ ಅಭಿಪ್ರಾಯ ನೀಡಬಹುದು. ಕೆರೆಗೆ ಬಂದ ಸಂಸ್ಕರಿತ ನೀರಿನ ವಿಷಯದಲ್ಲಿ ಮೂರನೆಯದೇ ನ್ಯಾಯವಾದುದು. ಅಂತರ್ಜಲದ ಪ್ರಮಾಣದಲ್ಲಿ ಜಮೆ ಆಗಿದೆ. ಅದನ್ನು ನಿರಾಕರಿಸುವುದು ಸರಿಯಲ್ಲ. ಗುಣಮಟ್ಟದ ಖಾತೆಯಲ್ಲಿ ಬಂಡೆಯ ಹಳೆಯ ಸಾಲವೂ ನಗರದ ಹೊಸ ಸಾಲವೂ ಇವೆ. ಅವನ್ನು ಮರೆಮಾಚುವುದೂ ಸರಿಯಲ್ಲ. ತೃತೀಯ ಹಂತದ ಸಂಸ್ಕರಣೆ, ಕೆರೆವಾರು ನೀರಿನ ಗುಣಮಟ್ಟದ ನಿಯತಕಾಲಿಕ ಪ್ರಕಟಣೆ, ಕೆರೆಯ ಸುತ್ತಲಿನ ಜನರ ದೀರ್ಘಾವಧಿ ಆರೋಗ್ಯ ಅಧ್ಯಯನ – ಈ ಮೂರು ಷರತ್ತುಗಳನ್ನು ವಾಣಿಜ್ಯ ಸಂಸ್ಥೆಗಳು ಸಂಘಟಿತವಾಗಿ ಸರ್ಕಾರದ ಮುಂದಿಡಬೇಕು. ಹೊಲದ ರೈತನ ಮಾತಿಗೆ ದೊರೆಯದ ಗಮನ ಉದ್ಯಮದ ಮಾತಿಗೆ ದೊರೆಯುವುದಾದರೆ, ಆ ಮಾತನ್ನು ಆಡುವ ಹೊಣೆಯೂ ನಮ್ಮದೇ. ಏಕೆಂದರೆ ನಾವೂ ಅವರೂ ಎತ್ತುತ್ತಿರುವುದು ಒಂದೇ ಬಂಡೆಯ ಬಿರುಕಿನ ನೀರನ್ನು.