ಮಂಪರು ಇಳಿಯುವಾಗ ರೋಗಿ ಕೂಗಾಡಿದರೆ

ಕೊಡಗಿನ ತೋಟಗಳಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಭುಜದ ಕೀಲು ತಪ್ಪುವುದುಂಟು. ತುರ್ತು ವಿಭಾಗದಲ್ಲಿ ಕೀಲು ಕೂರಿಸುವಾಗ ನೋವು ತಿಳಿಯದಂತೆ ಕೊಡುವ ಔಷಧಿಗಳಲ್ಲಿ ಕೆಟಮಿನ್ ಒಂದು. ಅದರ ಮಂಪರು ಇಳಿಯುವಾಗ ದೊಡ್ಡವರಲ್ಲಿ ಕೆಲವರು ಹೆದರಿ ಕೂಗ್ತಾರೆ, ಇಲ್ಲದ್ದನ್ನು ಕಾಣ್ತಾರೆ, ಎದ್ದು ಓಡಲು ನೋಡ್ತಾರೆ. ಇದು ಹುಚ್ಚಲ್ಲ, ದೆವ್ವದ ಕಾಟವೂ ಅಲ್ಲ. ಸಾಮಾನ್ಯವಾಗಿ ಔಷಧಿ ಇಳಿದಂತೆ ಸರಿಹೋಗುತ್ತದೆ.

ತಡೆಯಲು ನಾವೇನು ಮಾಡಬಹುದು?

1. ಕುಡಿತ, ಮಾನಸಿಕ ಕಾಯಿಲೆ, ನುಂಗುವ ಮಾತ್ರೆ ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ಮಿಡಜೋಲಮ್ ಎಂಬ ಔಷಧಿಯನ್ನು ಜೊತೆಗೆ ಕೊಟ್ಟರೆ ಈ ತಳಮಳ ಕಡಿಮೆಯಾಗುತ್ತದೆ. ಆದರೆ ಅದು ಉಸಿರಾಟವನ್ನು ಕುಗ್ಗಿಸಬಹುದು. ಕೊಡಬೇಕೋ ಬೇಡವೋ ವೈದ್ಯರೇ ತೀರ್ಮಾನಿಸಲಿ.

2. ಮಂಪರಿಗೆ ಮುಂಚೆ ರೋಗಿಗೆ ಧೈರ್ಯ ಹೇಳಿ. "ವಿಚಿತ್ರ ಕನಸು ಬೀಳಬಹುದು, ನಾನಿಲ್ಲೇ ಇರ್ತೀನಿ" ಅಂದರೆ ಸಾಕು.

3. ಏಳುವಾಗ ಸದ್ದುಗದ್ದಲ ಬೇಡ. ಪರಿಚಿತರೊಬ್ಬರೇ ಹತ್ತಿರವಿದ್ದು ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ಹೀಗೆ ಅವರ ಮನೆಮಾತಿನಲ್ಲೇ ಮೆತ್ತಗೆ ಮಾತಾಡಿ. ಅಲುಗಾಡಿಸಿ ಎಬ್ಬಿಸಬೇಡಿ.

4. ಕೂಗಾಟ ಶುರುವಾದರೆ ನೀವೇ ಕೈಕಾಲು ಕಟ್ಟಬೇಡಿ, ಕೂಡಲೇ ನರ್ಸನ್ನು ಕರೆಯಿರಿ. ಆಮ್ಲಜನಕ ಅಥವಾ ಸಕ್ಕರೆ ಅಂಶ ಇಳಿದರೂ ಹೀಗಾಗಬಹುದು, ಅದನ್ನು ಪರೀಕ್ಷಿಸಲೇಬೇಕು.

ನೆನಪಿಡಿ: ಪೂರ್ತಿ ಎಚ್ಚರವಾಗಿ, ವೈದ್ಯರು ಹೇಳುವ ತನಕ ನೀರು ಕುಡಿಸಬೇಡಿ, ಮನೆಗೆ ಕರೆದೊಯ್ಯಬೇಡಿ.