ಹಿತನುಡಿದ ಮಡದಿ

ಭಾರತದ ಸ್ವಾತಂತ್ರ್ಯವನ್ನು ಬಲವಾಗಿ ವಿರೋಧಿಸಿದ ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ಲರ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆ ಹಟವಾದಿಗೆ ಮುಚ್ಚುಮರೆಯಿಲ್ಲದೆ ಬುದ್ಧಿ ಹೇಳುವ ಧೈರ್ಯ ಒಬ್ಬರಿಗಿತ್ತು. ಆಕೆಯೇ ಅವರ ಪತ್ನಿ ಕ್ಲೆಮೆಂಟೈನ್.

ಕ್ಲೆಮೆಂಟೈನ್ 1885ರ ಏಪ್ರಿಲ್ 1ರಂದು ಲಂಡನ್ನಿನಲ್ಲಿ ಜನಿಸಿದರು. ಅವರ ತಾಯಿ ಸ್ಕಾಟ್ಲೆಂಡಿನ ಏರ್ಲಿ ಎಂಬ ಪ್ರಭು ಮನೆತನದ ಮಗಳು. ಕುಲ ದೊಡ್ಡದಾದರೂ ತಂದೆತಾಯಿಗಳು ಬೇರೆಯಾದ ಮೇಲೆ ಮನೆಯಲ್ಲಿ ಹಣದ ಮುಗ್ಗಟ್ಟು ತಲೆದೋರಿತು. ಕ್ಲೆಮೆಂಟೈನ್ ಫ್ರೆಂಚ್ ಪಾಠ ಹೇಳಿ ಸಂಪಾದಿಸಬೇಕಾಯಿತು. 1908ರಲ್ಲಿ ಅವರು ಚರ್ಚಿಲ್ಲರನ್ನು ವಿವಾಹವಾದರು.

ಪತಿಯ ಮತವೇ ತನ್ನ ಮತವೆಂದು ಆಕೆ ಭಾವಿಸಲಿಲ್ಲ. ಸ್ತ್ರೀಯರ ಮತಾಧಿಕಾರದ ವಿಷಯದಲ್ಲಿ ಚರ್ಚಿಲ್ಲರದು ಹಿಂದೇಟು. ಈಕೆಯದು ದೃಢವಾದ ಬೆಂಬಲ. 1912ರಲ್ಲಿ ವೈದ್ಯರೊಬ್ಬರು ಸ್ತ್ರೀಯರನ್ನು ಹಳಿದು 'ಟೈಮ್ಸ್' ಪತ್ರಿಕೆಗೆ ಬರೆದರು. ಸ್ತ್ರೀಯರು ಅಷ್ಟು ಅಯೋಗ್ಯರಾದರೆ ಅವರನ್ನು ಲೋಕದಿಂದಲೇ ತೆಗೆದುಹಾಕಬಾರದೇಕೆ ಎಂದು ಕ್ಲೆಮೆಂಟೈನ್ ಹೆಸರು ಮರೆಸಿ, ಅದೇ ಪತ್ರಿಕೆಯಲ್ಲಿ ವ್ಯಂಗ್ಯವಾಗಿ ಉತ್ತರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಕಾರ್ಮಿಕರಿಗೆ ಊಟದ ವ್ಯವಸ್ಥೆ ಮಾಡಿಸಿದರು. 1921ರಲ್ಲಿ ಎಳೆಯ ಮಗಳು ಮೇರಿಗೋಲ್ಡಳ ಸಾವಿನ ದುಃಖವನ್ನೂ ನುಂಗಿಕೊಂಡರು.

ಅವರ ನಿಜವಾದ ಪರೀಕ್ಷೆ 1940ರಲ್ಲಿ ಬಂದಿತು. ಜೂನ್ ತಿಂಗಳಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾಯಿತು. ಬ್ರಿಟನ್ನಿನ ಮೇಲೆ ಆಕ್ರಮಣದ ಭೀತಿ ಕವಿಯಿತು. ಪ್ರಧಾನಿಯಾಗಿ ಎರಡು ತಿಂಗಳೂ ತುಂಬದ ಚರ್ಚಿಲ್ಲರು ಕಾರ್ಯಭಾರದಿಂದ ಸಿಡುಕುತ್ತಿದ್ದರು. ಅವರ ಒರಟು ಮಾತಿನಿಂದ ಸಹೋದ್ಯೋಗಿಗಳೂ ಕೈಕೆಳಗಿನವರೂ ಬೇಸರಗೊಂಡಿರುವರೆಂಬ ಸಂಗತಿಯನ್ನು ಆಪ್ತರೊಬ್ಬರು ಕ್ಲೆಮೆಂಟೈನರಿಗೆ ತಿಳಿಸಿದರು. ಹೇಳುವುದೆಂತು? ಹೇಳದಿರುವುದೆಂತು? ಆಕೆ ಒಂದು ಕಾಗದ ಬರೆದರು, ಹರಿದುಹಾಕಿದರು. ಕೆಲವು ದಿನಗಳಲ್ಲಿ, ಜೂನ್ 27ರಂದು, ಮತ್ತೆ ಬರೆದು ಪತಿಗೆ ಕೊಟ್ಟರು. ಮಹತ್ತಾದ ಅಧಿಕಾರವುಳ್ಳವನಿಗೆ ಸೌಜನ್ಯವೂ ಸಮಾಧಾನವೂ ಇರಬೇಕು. ಕೋಪವು ಜನರಲ್ಲಿ ದ್ವೇಷವನ್ನು, ಇಲ್ಲವೇ ಗುಲಾಮ ಬುದ್ಧಿಯನ್ನು ಬೆಳೆಸುವುದು, ಎಂಬುದು ಅದರ ಸಾರ. ಕಾಗದದ ತುಂಬ ಪ್ರೀತಿಯಿತ್ತು. ಆದರೆ ಸತ್ಯವನ್ನು ಮರೆಮಾಚುವ ಒಂದು ಮಾತೂ ಇರಲಿಲ್ಲ.

ಮುಂದೆ ರೆಡ್ ಕ್ರಾಸ್ ಸಂಸ್ಥೆಯ ರಷ್ಯಾ ನೆರವು ನಿಧಿಗೆ ಹಣ ಕೂಡಿಸಿದ ಕ್ಲೆಮೆಂಟೈನ್, 1945ರಲ್ಲಿ ರಷ್ಯಾದ ಯುದ್ಧಪೀಡಿತ ಊರುಗಳನ್ನು ಸಂದರ್ಶಿಸಿದರು. 1965ರಲ್ಲಿ ಪತಿ ತೀರಿಕೊಂಡ ಬಳಿಕ, ತಮ್ಮದೇ ಅರ್ಹತೆಯಿಂದ ಬ್ರಿಟನ್ನಿನ ಪ್ರಭುಸಭೆಯ ಸದಸ್ಯರಾದರು. 1977ರ ಡಿಸೆಂಬರ್ 12ರಂದು ನಿಧನ ಹೊಂದಿದರು.

ಅಧಿಕಾರದಲ್ಲಿರುವವರನ್ನು ಹೊಗಳುವವರು ಸುತ್ತಲೂ ದೊರೆಯುತ್ತಾರೆ. ತಪ್ಪನ್ನು ಪ್ರೀತಿಯಿಂದ ಎತ್ತಿ ತೋರಿಸುವವರು ದೊರೆಯುವುದು ಅಪೂರ್ವ. ಅಂಥವರೇ ನಿಜವಾದ ಆಪ್ತರು.