ಗೋಡೆಯ ನೆರಳಿಗೆ ಗೆಡ್ಡೆಯ ಗಿಡ

ಪ್ರಶ್ನೆ: ನಾವು ಟಾಲಿಗಂಜ್‌ನಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿದ್ದೇವೆ. ಕಟ್ಟಡದ ಉತ್ತರಕ್ಕೆ ಗೋಡೆಗುಂಟ ಮೂರಡಿ ಅಗಲದ ಮಣ್ಣಿದೆ, ಸದಾ ನೆರಳು. ಮಲ್ಲಿಗೆ, ತುಳಸಿ ಎರಡು ಸಲ ಹಾಕಿದೆ, ಉಳಿಯಲಿಲ್ಲ. ಏನು ಬೆಳೆಯಬಹುದು?
— ಓದುಗರೊಬ್ಬರು, ಕೋಲ್ಕತ್ತ

ಉತ್ತರ: ಗಿಡ ಸತ್ತಿದ್ದಕ್ಕೆ ನಿಮ್ಮ ಕೈಗುಣವನ್ನು ದೂರಬೇಡಿ. ಮಲ್ಲಿಗೆ, ತುಳಸಿ ಎರಡಕ್ಕೂ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಅವನ್ನು ಕುಂಡದಲ್ಲಿಟ್ಟು ತಾರಸಿಗೆ ಒಯ್ಯಿರಿ.

'ಸದಾ ನೆರಳು' ಎಂದಿದ್ದೀರಿ. ಒಂದು ವರ್ಷ ಗಮನಿಸಿ ನೋಡಿ, ಸದಾ ಇರಲಿಕ್ಕಿಲ್ಲ. ಕೋಲ್ಕತ್ತ ಇರುವುದು ಸುಮಾರು 22.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಒಂದೇ ಡಿಗ್ರಿ ಕೆಳಗೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ 44 ಡಿಗ್ರಿಯಷ್ಟೇ ಮೇಲೇರುತ್ತಾನೆ. 40 ಅಡಿ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ 40 ಅಡಿ ದಾಟುತ್ತದೆ. ಚಳಿಗಾಲವಿಡೀ ನಿಮ್ಮ ಪಾತಿಗೆ ಬಿಸಿಲೇ ಇಲ್ಲ. ಯುಗಾದಿ ಕಳೆದ ಮೇಲೆ ಸೂರ್ಯ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಎದುರಿನ ಕಟ್ಟಡ ಅಡ್ಡ ಬರದಿದ್ದರೆ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಉತ್ತರದ ಗೋಡೆಗೂ ಬೀಳುತ್ತದೆ.

ಹಾಗಾಗಿ ಬೇಸಿಗೆಯಲ್ಲಿ ಮೊಳೆತು, ಮಳೆಯಲ್ಲಿ ಬೆಳೆದು, ಚಳಿಗಾಲಕ್ಕೆ ಮಣ್ಣೊಳಗೆ ಮಲಗುವ ಗೆಡ್ಡೆಯ ಗಿಡಗಳೇ ಆ ಜಾಗಕ್ಕೆ ಹೇಳಿಮಾಡಿಸಿದಂಥವು. ಬೆಳಕು ಬರುವ ತಿಂಗಳುಗಳಲ್ಲಿ ಅವು ಎಚ್ಚರವಾಗಿರುತ್ತವೆ, ಕತ್ತಲ ತಿಂಗಳುಗಳಲ್ಲಿ ಅವಕ್ಕೆ ಬೆಳಕಿನ ಹಂಗಿಲ್ಲ. ಅರಿಶಿನ ಹಾಕಿ. ಕೆಸು ಹಾಕಿ, ಬಂಗಾಳಿಗರು ಅದನ್ನು 'ಕೋಚು' ಎಂದು ಕರೆದು ನಮ್ಮಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಪತ್ರೊಡೆಗೆ ತಿನ್ನುವ ಜಾತಿಯನ್ನೇ ನೆಡಿ. ನರ್ಸರಿಯ ಅಲಂಕಾರದ ಕೆಸು ಅಡುಗೆಗೆ ಬೇಡ. ಬಣ್ಣ ಬೇಕೆಂದರೆ ಕ್ಯಾಲಾಡಿಯಂ, ಅದೂ ಗೆಡ್ಡೆಯದೇ.

ನನ್ನ ಮನಸ್ಸು ಮಾತ್ರ ಸುಗಂಧಿಯ ಮೇಲೆ. ಶುಂಠಿಯ ಸಂಬಂಧಿ ಅದು, ಚಿಟ್ಟೆಯಂತೆ ರೆಕ್ಕೆ ಬಿಚ್ಚುವ ಬಿಳಿ ಹೂವು. ನಿಮ್ಮ ಅಕ್ಕಪಕ್ಕದವರನ್ನು 'ದೋಲನ್‌ಚಾಪಾ' ಎಂದು ಕೇಳಿ, ಗೆಡ್ಡೆ ಸಿಕ್ಕೀತು. ಕಣ್ಣು ಮೇಲ್ಮುಖವಾಗಿರಲಿ, ಮಣ್ಣು ಅದನ್ನು ಮುಚ್ಚಿದರೆ ಸಾಕು, ಆಳ ಬೇಡ. ಪಾತಿಯ ಹೊರ ಅಂಚಿಗೆ, ಬೆಳಕು ಹೆಚ್ಚಿರುವಲ್ಲಿ ನೆಟ್ಟರೆ ಮಳೆಗಾಲದ ಸಂಜೆಗಳಲ್ಲಿ ಕಿಟಕಿಯೊಳಗೇ ಪರಿಮಳ ಬರುತ್ತದೆ. ಮಲ್ಲಿಗೆಯ ಬೇಸರ ಅಷ್ಟಕ್ಕಷ್ಟು ತೀರುತ್ತದೆ. ದೇವರಿಗೆ ಹೂ ಬೇಕಾದರೆ ಪೂರ್ವದ ತುದಿಗೊಂದು ನಂದಿಬಟ್ಟಲು ಇರಲಿ, ಅರೆನೆರಳಲ್ಲೂ ಅದು ಹೂ ಬಿಡುತ್ತದೆ.

ಗೆಡ್ಡೆಗಳು ಮಲಗಿದಾಗ ಪಾತಿ ಬರಿದಾಗದಂತೆ ನಡುನಡುವೆ ಜರಿಗಿಡ, ಅಗ್ಲೋನೀಮಾ ಹಾಕಿ. ನೆಲಕ್ಕೆ ಒಂದೆಲಗ. ಅಲ್ಲಿನ ಸೊಪ್ಪಿನವರಲ್ಲಿ 'ಥಾನ್‌ಕುನಿ' ಎಂದು ಸಿಗುತ್ತದೆ. ಕಟ್ಟಿನಲ್ಲಿ ಬೇರಿರುವ ಎಳೆಗಳನ್ನು ಆರಿಸಿ ನೆಟ್ಟರೆ ಹಬ್ಬುತ್ತದೆ, ತಂಬುಳಿಗೂ ಆಯಿತು. ಅಲಿಪುರ ನಿಮಗೆ ಹತ್ತಿರ. ವಿಲಿಯಂ ಕೇರಿ 1820ರಲ್ಲಿ ಆರಂಭಿಸಿದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟ ಅಲ್ಲಿದೆ, ಕೊಳ್ಳುವ ಮುನ್ನ ಒಮ್ಮೆ ನೋಡಿಬನ್ನಿ.

ಮಣ್ಣಿನ ಮಾತು ಇದಕ್ಕಿಂತ ಮುಖ್ಯ. ಗೋಡೆ ಬುಡದಲ್ಲಿ ಕಟ್ಟುವಾಗ ಬಿದ್ದ ಸಿಮೆಂಟು, ಇಟ್ಟಿಗೆಚೂರು ಇರುತ್ತದೆ. ಒಂದಡಿ ಅಗೆದು ಅದನ್ನೆಲ್ಲ ಹೆಕ್ಕಿ ತೆಗೆಯಿರಿ. ಗಂಗೆಯ ಮೆಕ್ಕಲು ಮಣ್ಣು ಅಂಟು, ನೀರು ಹಿಡಿದಿಟ್ಟುಕೊಂಡರೆ ಗೆಡ್ಡೆ ಕೊಳೆಯುತ್ತದೆ. ಮರಳು, ಎಲೆಗೊಬ್ಬರ ಧಾರಾಳವಾಗಿ ಬೆರೆಸಿ. ಗೋಡೆಯಿಂದ ಒಂದಡಿ ಬಿಟ್ಟೇ ನೆಡಿ. ಸಜ್ಜಾದ ಕೆಳಗಿನ ಆ ಪಟ್ಟಿಗೆ ಮಳೆ ತಾಗುವುದಿಲ್ಲ, ಗೋಡೆಗೆ ತೇವವೂ ಏರಬಾರದು. ಗೋಡೆಯ ಬಿರುಕಿನಲ್ಲಿ ಅಶ್ವತ್ಥ ಚಿಗುರಿದ್ದು ಕಂಡರೆ ಅಂದೇ ಕಿತ್ತುಹಾಕಿ, ಬೇರು ಬಲಿತರೆ ಗೋಡೆಯನ್ನೇ ಸೀಳುತ್ತದೆ.

ಏಪ್ರಿಲ್‌ನಲ್ಲಿ ನೆಡಿ. ನಾಗರಪಂಚಮಿಯ ಹೊತ್ತಿಗೆ ಕಡುಬು ಸುತ್ತಲು ಅರಿಶಿನದ ಎಲೆ ನಿಮ್ಮ ಕಿಟಕಿಯ ಕೆಳಗೇ ಸಿಗುತ್ತದೆ.